ಹಾಯಿದೋಣಿಯ ಹಳೇ ಕಂಚಿಗೆ ಮತ್ತೆ ಕ್ರೋಮ್: ಐದಾರು ವರ್ಷ ಉಪ್ಪುನೀರಲ್ಲಿ ಬಳಸಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಕ್ಲೀಟ್‌ಗಳಿಗೆ (ಹಗ್ಗ ಕಟ್ಟುವ ಲೋಹದ ಕೊಂಬುಗಳಿಗೆ), ಕಿಟಕಿಯ ಚೌಕಟ್ಟುಗಳಿಗೆ ಮತ್ತೆ ಕ್ರೋಮ್ ಲೇಪನ ಹಾಕಿಸಿದ್ದಕ್ಕೆ ಕೊಟ್ಟ ಕಾಸಿಗೆ ಮೋಸ ಇಲ್ಲ. ವಿಂಚ್ ಡ್ರಮ್‌ಗೆ, ಅಂದರೆ ಹಾಯಿಯ ಹಗ್ಗ ಸುತ್ತಿ ಎಳೆಯುವ ಉರುಳೆಗೆ, ಮಾತ್ರ ಬೇಡವೇ ಬೇಡ.

ನಮ್ಮದು 1970ರ ದಶಕದ ಫೈಬರ್‌ಗ್ಲಾಸ್ ದೋಣಿ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ಬರ್ಕ್ಲಿ ಮರೀನಾದಲ್ಲಿ ಕಟ್ಟಿರುತ್ತೇವೆ. ಬೇಸಿಗೆಯಲ್ಲಿ ಗೋಲ್ಡನ್ ಗೇಟ್ ಕಡೆಯಿಂದ ನೇರವಾಗಿ ಗಾಳಿ ಬೀಸುತ್ತದೆ, ಜೊತೆಗೆ ಉಪ್ಪು. ಆ ಕಾಲದ ಎಷ್ಟೋ ದೋಣಿಗಳಲ್ಲಿ ಕ್ಲೀಟ್, ವಿಂಚ್ ಎಲ್ಲ ಕಂಚು ಇಲ್ಲವೇ ಹಿತ್ತಾಳೆಯ ಎರಕ, ಮೇಲೆ ಕ್ರೋಮ್. ವರ್ಷ ಕಳೆದ ಹಾಗೆ ಕ್ರೋಮ್ ಚಕ್ಕೆ ಏಳುತ್ತದೆ, ಕೆಳಗಿಂದ ಹಸಿರು ಕಿಲುಬು ಇಣುಕುತ್ತದೆ. ಆ ಚಕ್ಕೆಯ ಅಂಚು ಬ್ಲೇಡ್ ಥರ, ಹಗ್ಗವನ್ನೂ ಕೊಯ್ಯುತ್ತದೆ, ಬೆರಳನ್ನೂ ಕೊಯ್ಯುತ್ತದೆ. ನಾನು ಎಲ್ಲ ಬಿಚ್ಚಿ ಲೇಪನದ ಅಂಗಡಿಗೆ ಕೊಟ್ಟಿದ್ದು ಮುಖ್ಯವಾಗಿ ಅದಕ್ಕೇ, ಅಂದ ಆಮೇಲೆ.

ಕೊಡುವ ಮುಂಚೆ ಒಂದು ಕೆಲಸ ಮಾಡಿ. ಅಡಿಭಾಗದಲ್ಲಿ ಅರದಿಂದ ಸ್ವಲ್ಪ ಉಜ್ಜಿ ನೋಡಿ. ಹಿತ್ತಾಳೆ ಹಳದಿಯಾಗಿದ್ದರೆ ಸರಿ. ಅಲ್ಲಲ್ಲಿ ಗುಲಾಬಿ ಬಣ್ಣ ಬಂದು ಪುಡಿಪುಡಿ ಉದುರಿದರೆ ಅದರಲ್ಲಿನ ಸತು ಉಪ್ಪುನೀರಿಗೆ ಹೊರಟುಹೋಗಿದೆ, ಒಳಗೆ ಉಳಿದಿರುವುದು ಟೊಳ್ಳು ತಾಮ್ರ. ಅಂಥದ್ದಕ್ಕೆ ಏನು ಲೇಪನ ಹಾಕಿದರೂ ದಂಡ. ದೋಣಿ ಕಟ್ಟುವ ಕ್ಲೀಟ್ ಆಗಿದ್ದರಂತೂ ಅಪಾಯ, ಹೊಸದು ತಗೊಳ್ಳಿ. ಬಿಚ್ಚಿದ ಮೇಲೆ ಡೆಕ್‌ನ (ದೋಣಿಯ ಮೇಲ್ಹಾಸಿನ) ತೂತುಗಳನ್ನೂ ನೋಡಿ, ಫೈಬರ್‌ಗ್ಲಾಸ್ ಪದರಗಳ ನಡುವಿನ ಮರ ಒದ್ದೆಯಾಗಿದ್ದರೆ ಗೊತ್ತಾಗುವುದು ಆಗಲೇ.

ಜನ ಕ್ರೋಮ್ ಕ್ರೋಮ್ ಅಂತಾರೆ, ಆದರೆ ಆ ಪದರ ಒಂದು ಮೈಕ್ರಾನ್‌ಗಿಂತಲೂ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು) ತೆಳು, ಅದರಲ್ಲಿ ಕಣ್ಣಿಗೆ ಕಾಣದ ಬಿರುಕುಗಳೂ ಇರುತ್ತವೆ. ಉಪ್ಪನ್ನು ನಿಜವಾಗಿ ತಡೆಯುವುದು ಅದರ ಕೆಳಗಿರುವ ನಿಕಲ್. ಹಾಗಾಗಿ ಅಂಗಡಿಯವರನ್ನು ಕೇಳಬೇಕಾದ್ದು ನಿಕಲ್ ಎಷ್ಟು ದಪ್ಪ ಅಂತ. ಸಮುದ್ರಕ್ಕೆ ಎರಡು ಪದರದ ನಿಕಲ್, ಒಟ್ಟು 30 ಮೈಕ್ರಾನ್ ಹತ್ತಿರ ಇರಲಿ. ನನ್ನ ಕ್ಲೀಟ್‌ಗಳಿಗೆ ಹಾಗೇ ಹಾಕಿಸಿದ್ದು. ಈಗಲೂ ಒಂದೂ ಚಕ್ಕೆ ಎದ್ದಿಲ್ಲ, ತಿರುಪಿನ ಗುಂಡಿಗಳ ಅಂಚಲ್ಲಿ ಮಾತ್ರ ಸಣ್ಣ ಹಸಿರು ಚುಕ್ಕೆ ಬಂದಿದೆ, ಅಲ್ಲಿ ನೀರು ನಿಲ್ಲುತ್ತೆ ಅಲ್ವಾ. ಕಿಟಕಿ ಚೌಕಟ್ಟುಗಳು ಹೊಸದರ ಹಾಗೇ ಇವೆ. ದುಡ್ಡು ಹೆಚ್ಚು ಹೋಗುವುದು ಲೇಪನಕ್ಕಲ್ಲ, ಅದಕ್ಕೂ ಮುಂಚಿನ ಉಜ್ಜುವ ಕೆಲಸಕ್ಕೆ. ಗುಳಿ ಬಿದ್ದ ಎರಕ ಇದ್ದರೆ ಬಿಲ್ ಏರುತ್ತದೆ.

ಇನ್ನು ವಿಂಚ್. ನಮ್ಮದು ಬೇರಿಯೆಂಟ್, ಕಂಪನಿ ಮುಚ್ಚಿ ಎಷ್ಟೋ ಕಾಲ ಆಯಿತು, ಹೊಸ ಡ್ರಮ್ ಸುಲಭಕ್ಕೆ ಸಿಗುವುದಿಲ್ಲ. ಡ್ರಮ್‌ನ ನಡುವೆ ಹಗ್ಗ ಹಿಡಿಯಲಿ ಅಂತಲೇ ಮೈ ಒರಟಾಗಿ ಮಾಡಿರುತ್ತಾರೆ. ನಾನು ಕೊಟ್ಟ ಅಂಗಡಿಯವರು ಕಾರಿನ ಬಂಪರ್ ಮಾಡುವವರು. ಒರಟು ಹಾಗೇ ಇರಲಿ, ಒಳಗಡೆ ಲೇಪನ ಬೇಡ ಅಂತ ಚೀಟಿಯಲ್ಲೇ ಬರೆದುಕೊಟ್ಟಿದ್ದೆ. ಆದರೂ ಬಫಿಂಗ್ ಚಕ್ರಕ್ಕೆ ಹಿಡಿದು ಪೂರ್ತಿ ನುಣುಪು ಮಾಡಿದರು, ರೋಲರ್ ಬೇರಿಂಗ್ ಕೂರುವ ಒಳಮೈಗೂ ನಿಕಲ್ ಹತ್ತಿಸಿದರು. ನೋಡಲು ಕನ್ನಡಿ. ಆದರೆ ಮೂರು ಸುತ್ತು ಹಾಕಿದರೆ ನಿಲ್ಲುತ್ತಿದ್ದ ಜಿಬ್ ಶೀಟ್ (ಮುಂದಿನ ಹಾಯಿ ಎಳೆಯುವ ಹಗ್ಗ) ನಾಲ್ಕು ಸುತ್ತಿದರೂ ಗಾಳಿ ಜೋರಾದಾಗ ಸರ್ರನೆ ಜಾರುತ್ತಿತ್ತು, ಐದು ಸುತ್ತಿದರೆ ಸುತ್ತಿನ ಮೇಲೆ ಸುತ್ತು ಹತ್ತಿ ಹಗ್ಗ ಲಾಕ್ ಆಗುತ್ತಿತ್ತು. ಬಲವಾದ ಗಾಳಿಯಲ್ಲಿ ಅದು ಕೈ ಮುರಿಯುವಂಥ ವಿಷಯ. ನನಗೆ ಇವತ್ತಿಗೂ ಸಿಟ್ಟು ಬರುತ್ತದೆ.

ಕೊನೆಗೆ ಬೇರೆ ಕಡೆ ಲೇಪನ ಪೂರ್ತಿ ತೆಗೆಸಿ, ಹಗುರವಾಗಿ ಮರಳು ಹೊಡೆಸಿ, ಬರೀ ಕಂಚನ್ನೇ ಬಿಟ್ಟೆ. ಈಗ ಕಂದು ಬಣ್ಣಕ್ಕೆ ತಿರುಗಿದೆ, ಹಗ್ಗ ಗಟ್ಟಿಯಾಗಿ ಕಚ್ಚುತ್ತದೆ. ಹೊಳಪು ಬೇಕು ಅಂದರೆ ಅಮ್ಮ ಪೂಜೆ ಸಾಮಾನು ತೊಳೆಯುವ ಹಾಗೆ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿದರೆ ಸಾಕು, ಅಂಗಡಿಯ ಪಾಲಿಶ್‌ನಷ್ಟೇ ಚೆನ್ನಾಗಿ ಬರುತ್ತದೆ. ಆದರೆ ಉಪ್ಪುಗಾಳಿಯಲ್ಲಿ ಬೇಗ ಮತ್ತೆ ಕಂದಾಗುತ್ತದೆ. ಬಿಟ್ಟುಬಿಡಿ, ಆ ಕಂದು ಪದರವೇ ಕಂಚನ್ನು ಕಾಯುತ್ತದೆ.

ಕ್ರೋಮ್ ಇರುವ ಕಡೆ ಒರಟು ಪೇಸ್ಟ್ ಹಾಕಿ ಉಜ್ಜಬೇಡಿ, ತೆಳು ಪದರ ಸವೆದುಹೋಗುತ್ತದೆ. ದೋಣಿ ಓಡಿಸಿ ಬಂದ ಮೇಲೆ ಸಿಹಿನೀರು, ಆಗಾಗ ಮೇಣ, ಅಷ್ಟೇ.

ಕ್ಯಾಲಿಫೋರ್ನಿಯಾದಲ್ಲಿ ಇರುವವರಿಗೆ ಇನ್ನೊಂದು ಮಾತು. ಹಳೇ ಪದ್ಧತಿಯ ಕ್ರೋಮ್ ಲೇಪನಕ್ಕೆ ಬಳಸುವ ಹೆಕ್ಸಾವೇಲೆಂಟ್ ಕ್ರೋಮಿಯಂ ಕ್ಯಾನ್ಸರ್ ತರುವಂಥದ್ದು, ಹಾಗಾಗಿ ಲೇಪನದ ಅಂಗಡಿಗಳಲ್ಲಿ ಅದನ್ನು ಹಂತಹಂತವಾಗಿ ನಿಲ್ಲಿಸುವ ನಿಯಮಕ್ಕೆ ಇಲ್ಲಿನ ವಾಯು ಮಾಲಿನ್ಯ ನಿಯಂತ್ರಣ ಮಂಡಳಿ (CARB) 2023ರಲ್ಲಿ ಒಪ್ಪಿಗೆ ಕೊಟ್ಟಿತು. ಅಲ್ಲಿ ಕೆಲಸ ಮಾಡುವವರ ಶ್ವಾಸಕೋಶದ ಪ್ರಶ್ನೆ, ನನ್ನ ಪೂರ್ಣ ಬೆಂಬಲ ಇದೆ. ಬದಲಿಗೆ ಬರುವ ಟ್ರೈವೇಲೆಂಟ್ ಕ್ರೋಮ್ ಬಣ್ಣದಲ್ಲಿ ಸ್ವಲ್ಪ ಬೇರೆ ಕಾಣಬಹುದು. ಆದ್ದರಿಂದ ಒಂದು ಕ್ಲೀಟ್ ಈಗ, ಅದರ ಜೋಡಿ ಮುಂದಿನ ವರ್ಷ ಅಂತ ಮಾಡಿಸಬೇಡಿ, ಎಲ್ಲ ಒಂದೇ ಸಲ ಒಂದೇ ಅಂಗಡಿಗೆ ಕೊಡಿ.