610 ಬೇಕಾ, 720 ಬೇಕಾ? ಕ್ರೀಪ್ ರಿಗ್ ಮೇಲೆ ನಾವು ಕಂಡಿದ್ದು

ನೆಕ್ಸ್‌ಟೆಲ್ 610, 720 ಎರಡೂ ಬಿಸಿ ತಡೆಯುವ ಸೆರಾಮಿಕ್ ಫೈಬರ್‌ಗಳು (ನೂಲಿನಂಥ ಎಳೆಗಳು). ಕ್ಯಾಟಲಾಗ್ ನೋಡಿದರೆ 610 ಫೈಬರೇ ಗೆಲ್ಲಬೇಕು. 99 ಪರ್ಸೆಂಟ್‌ಗಿಂತ ಜಾಸ್ತಿ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್), ಎಳೆದರೆ 720ಕ್ಕಿಂತ ಗಟ್ಟಿ. ಆದರೆ ಆ ಅಂಕಿ ರೂಮ್ ಟೆಂಪರೇಚರ್‌ನದ್ದು. ಇಂಥ ಫೈಬರ್ ಹುದುಗಿಸಿ ಮಾಡುವ ಸೆರಾಮಿಕ್ ಕಾಂಪೋಸಿಟ್ ಬೇಕಾಗುವುದೇ ಬೆಂಕಿಯ ಪಕ್ಕದಲ್ಲಿ, ಅಲ್ವಾ?

ಮೈಸೂರಿನ ನಮ್ಮ ಲ್ಯಾಬ್‌ನಲ್ಲಿ ಎರಡರ ಕಾಂಪೋಸಿಟ್‌ಗಳನ್ನೂ ಒಂದೇ ಕ್ರೀಪ್ ರಿಗ್‌ಗೆ ಹಾಕಿದೆವು. ಕ್ರೀಪ್ ಅಂದರೆ ಬಿಸಿಯಲ್ಲಿ ಭಾರ ಹೊತ್ತ ವಸ್ತು ನಿಧಾನವಾಗಿ ಹಿಗ್ಗುವುದು, ಅದನ್ನು ಅಳೆಯುವ ಸಾಧನವೇ ಈ ರಿಗ್. ಲಿವರ್, ತೂಕ, ಫರ್ನೇಸ್, ಅಷ್ಟೇ. ಲಿವರ್ ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದಲ್ಲಿ ಮಾಡಿಸಿದ್ದು. ತೂಕ ನೇತಾಡುವುದರಿಂದ ಕರೆಂಟ್ ಹೋದರೂ ಲೋಡ್ ಹಾಗೇ ಇರುತ್ತದೆ, ಆದರೆ ಫರ್ನೇಸ್ ತಣ್ಣಗಾದರೆ ಆ ಸ್ಯಾಂಪಲ್ ಕೈಬಿಟ್ಟಂತೆಯೇ, ಹಾಗಾಗಿ ಬ್ಯಾಕಪ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ಎರಡರಲ್ಲೂ ಮ್ಯಾಟ್ರಿಕ್ಸ್, ಅಂದರೆ ಫೈಬರ್‌ಗಳ ಸುತ್ತ ತುಂಬಿರುವ ವಸ್ತು, ಸಣ್ಣ ರಂಧ್ರಗಳಿರುವ ಅಲ್ಯೂಮಿನಾ. 1100 ಡಿಗ್ರಿಯಲ್ಲಿ ಒಂದೇ ಲೋಡ್ ಕೊಟ್ಟರೆ ಹಿಗ್ಗುವಿಕೆಯ ಗ್ರಾಫ್‌ನಲ್ಲಿ 610ರ ಗೆರೆ ಮೇಲಕ್ಕೆ ಏರುತ್ತಲೇ ಹೋಯಿತು. 720 ಮೊದಲು ಸ್ವಲ್ಪ ಉದ್ದವಾಯಿತು, ಆಮೇಲೆ ಅದರ ಗೆರೆ ಹೆಚ್ಚುಕಡಿಮೆ ಮಲಗಿಬಿಟ್ಟಿತು. ಕಾರಣ ಕಣಗಳ ಗಾತ್ರ. 610ರಲ್ಲಿ ಅವು ಸುಮಾರು 0.1 ಮೈಕ್ರಾನ್. ಕಣ ಸಣ್ಣದಾದಷ್ಟೂ ಗಟ್ಟಿತನ ಜಾಸ್ತಿ, ಆದರೆ ಕಣಗಳ ನಡುವಿನ ಗಡಿಯೂ ಜಾಸ್ತಿ, ಬಿಸಿಯಲ್ಲಿ ಅವು ಜಾರುವುದು ಅಲ್ಲೇ. 720ರಲ್ಲಿ 15 ಪರ್ಸೆಂಟ್ ಸಿಲಿಕಾ ಇದೆ, ಅದು ಅಲ್ಯೂಮಿನಾ ಜೊತೆ ಸೇರಿ ಮುಲೈಟ್ ಆಗುತ್ತದೆ. ಮುಲೈಟ್ ಕಣಗಳು ದೊಡ್ಡವು, ಸುಲಭಕ್ಕೆ ಜಾರುವುದಿಲ್ಲ. ಬರೀ ಫೈಬರ್‌ಗೆ 69 ಮೆಗಾಪಾಸ್ಕಲ್ ಲೋಡ್‌ನಲ್ಲಿ 1000 ಗಂಟೆಗೆ 1 ಪರ್ಸೆಂಟ್ ಹಿಗ್ಗುವ ಮಿತಿ ಇಟ್ಟರೆ, ತಯಾರಕರ ಲೆಕ್ಕದಲ್ಲಿ 610ಕ್ಕೆ 1000 ಡಿಗ್ರಿ, 720ಕ್ಕೆ 1150. ಕಾಂಪೋಸಿಟ್ ಒಳಗಿನ ಫೈಬರ್ ಬಟ್ಟೆಯನ್ನು 45 ಡಿಗ್ರಿ ಓರೆಯಾಗಿ ಕತ್ತರಿಸಿದ ಸ್ಯಾಂಪಲ್‌ನಲ್ಲಿ ಮಾತ್ರ ಈ ಅಂತರ ಮಸುಕಾಯಿತು, ಅಲ್ಲಿ ಭಾರ ಹೊರುವುದರಲ್ಲಿ ಮ್ಯಾಟ್ರಿಕ್ಸ್‌ನ ಪಾಲು ದೊಡ್ಡದು.

ಹಬೆ ಬಿಟ್ಟಾಗ 720 ಕೂಡ ಸೋತಿತು. 1200 ಡಿಗ್ರಿಯ ಗಾಳಿಯಲ್ಲಿ ನೆಮ್ಮದಿಯಾಗಿದ್ದ ಲೋಡ್‌ನಲ್ಲೇ ಬೇಗ ತುಂಡಾಯಿತು. ಟರ್ಬೈನ್ ಒಳಗೆ ಇಂಧನ ಉರಿದು ಹಬೆ ಇದ್ದೇ ಇರುತ್ತದೆ, ಅದಕ್ಕೇ ಬರೀ ಗಾಳಿಯ ಫಲಿತಾಂಶ ತೋರಿಸುವವರನ್ನು ನಾನು ಪೂರ್ತಿ ನಂಬುವುದಿಲ್ಲ.

ಸಿಲಿಕಾನ್ ಕಾರ್ಬೈಡ್ ಕಾಂಪೋಸಿಟ್ ಕ್ರೀಪ್‌ನಲ್ಲಿ ಇವೆರಡಕ್ಕಿಂತ ಮೇಲು, 2016ರಿಂದ ಲೀಪ್ ಎಂಬ ವಿಮಾನ ಎಂಜಿನ್‌ನಲ್ಲಿ ಹಾರುತ್ತಿದೆ. ಆದರೆ ಬೆಲೆ ಜಾಸ್ತಿ, ಬಿರುಕಿನೊಳಗೆ ಆಕ್ಸಿಜನ್ ನುಗ್ಗದಂತೆ, ಹಬೆ ಮೇಲ್ಮೈ ತಿನ್ನದಂತೆ ಲೇಪನವೂ ಬೇಕು. 1000 ಡಿಗ್ರಿಯೊಳಗೆ, ಗಟ್ಟಿತನವೇ ಮುಖ್ಯವಾದರೆ 610 ಸಾಕು. ಅದರಾಚೆ ಗಂಟೆಗಟ್ಟಲೆ ಭಾರ ಹೊರಬೇಕಾದರೆ ನನ್ನ ಆಯ್ಕೆ 720, ಹಬೆಯಲ್ಲಿ ಪರೀಕ್ಷಿಸಿದ ಮೇಲೆ.