ಲೂಪಸ್‌ಗೆ ಡಿಎಚ್‌ಇಎ ಬಾಟಲಿ ಮಾರುವವರಿದ್ದಾರೆ, ಹುಷಾರು

ಇದನ್ನು ಬರೆಯೋಕೆ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ. ಕಳೆದ ವಾರ ನನಗೆ ಗೊತ್ತಿರುವ ಇನ್ನೊಬ್ಬ ಹುಡುಗಿಗೆ, ನನಗೆ ಡಿಎಚ್‌ಇಎ ಎಂಬ ಹಾರ್ಮೋನ್ ಮಾತ್ರೆ ಮಾರಿದವರ ಅದೇ ಮೆಸೇಜ್, ಅದೇ ಬಾಟಲಿಯ ಫೋಟೋ ಬಂದಿದೆ.

ನನಗೆ ಲೂಪಸ್ ಇದೆ, ಒಂಬತ್ತು ವರ್ಷದಿಂದ. ದೇಹದ ರಕ್ಷಣಾ ವ್ಯವಸ್ಥೆಯೇ ದೇಹದ ಮೇಲೆ ತಿರುಗಿಬೀಳುವ ಕಾಯಿಲೆ. ಕೀಲುನೋವು, ಬಿಸಿಲಿಗೆ ಹೋದರೆ ಕೆನ್ನೆ ಉರಿ, ಮಧ್ಯಾಹ್ನದ ಹೊತ್ತಿಗೆ ಕೈಕಾಲು ಸೋತುಹೋಗುವುದು. ಇರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಅದನ್ನು ಹತೋಟಿಯಲ್ಲಿಡಲು ದಿನಾ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ, ಜೊತೆಗೆ ಸ್ವಲ್ಪ ಸ್ಟೀರಾಯ್ಡ್. ಮಾತ್ರೆ ನುಂಗಿ ನುಂಗಿ ಸಾಕಾಗಿತ್ತು. ಆಗ ಸಿಕ್ಕವರು ಈ 'ಹಾರ್ಮೋನ್ ಕೋಚ್'.

"ಲೂಪಸ್ ಬಂದ ಹತ್ತು ಜನರಲ್ಲಿ ಒಂಬತ್ತು ಜನ ಹೆಂಗಸರೇ ಯಾಕೆ, ಯೋಚನೆ ಮಾಡಿದೀರಾ ಮೇಡಂ? ಎಲ್ಲಾ ಹಾರ್ಮೋನ್. ನಿಮಗೆ ಡಿಎಚ್‌ಇಎ ಕಮ್ಮಿ ಇದೆ" ಎಂದರು. ಒಂದು ಪರೀಕ್ಷೆಯನ್ನೂ ಮಾಡಿಸಲಿಲ್ಲ. 2002ರ ಒಂದು ಪ್ರಯೋಗದ ಪಿಡಿಎಫ್ ಕಳಿಸಿದರು. ತೈವಾನ್, 120 ಹೆಂಗಸರು, ಫ್ಲೇರ್, ಅಂದರೆ ಕಾಯಿಲೆ ಮತ್ತೆ ಉಲ್ಬಣಿಸುವುದು, ಕಮ್ಮಿ ಆಯಿತು ಅಂತ. ನಾನು ನಂಬಿದೆ. ಪಿಡಿಎಫ್ ಇದೆಯಲ್ಲ, ಸುಳ್ಳಾಗಿರಲ್ಲ ಅಂದುಕೊಂಡೆ. ತೆರೆದು ಪೂರ್ತಿ ಓದಲಿಲ್ಲ. ಎರಡು ಬಾಟಲಿಗೆ 6,800 ರೂಪಾಯಿ ಕಳಿಸಿದೆ, ಮನೆಯವರಿಗೆ ಹೇಳದೆ.

ದುಡ್ಡು ಹೋಯಿತು ಅಂತ ಇಷ್ಟು ಸಿಟ್ಟಲ್ಲ. "ಎರಡನೇ ವಾರದಿಂದ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಟ್ಟುಬಿಡಿ, ಅದು ಇದ್ದರೆ ಹಾರ್ಮೋನ್ ಕೆಲಸ ಮಾಡಲ್ಲ" ಎಂದರು. ಬಿಟ್ಟೆ. ನನ್ನ ಲೂಪಸ್ ನೋಡುವ ರುಮಟಾಲಜಿಸ್ಟ್‌ಗೂ ಹೇಳದೆ ಬಿಟ್ಟೆ.

ಐದನೇ ವಾರ ಗಲ್ಲದ ಮೇಲೆ ಮೊಡವೆ, ಆಮೇಲೆ ಒರಟು ಕೂದಲು. ಕೇಳಿದರೆ "ಒಳ್ಳೇ ಲಕ್ಷಣ, ದೇಹ ಒಪ್ಪಿಕೊಳ್ತಾ ಇದೆ." ಕೀಲು ಮತ್ತೆ ಹಿಡಿದುಕೊಂಡವು. "ಇದು ಹೀಲಿಂಗ್ ಕ್ರೈಸಿಸ್, ವಾಸಿ ಆಗೋ ಮುಂಚೆ ಹೀಗೇ ಜಾಸ್ತಿ ಆಗುತ್ತೆ, ಹೆದರಬೇಡಿ." ಮೂರು ತಿಂಗಳಾಗುವಷ್ಟರಲ್ಲಿ ಹಿಮ್ಮಡಿ ಹತ್ತಿರ ಊತ, ಒತ್ತಿದರೆ ಗುಳಿ ಬೀಳುತ್ತಿತ್ತು. ಮೂತ್ರದಲ್ಲಿ ನೊರೆ. ಆಗ ಬಂದ ಉತ್ತರ ಇದು: "ನೀರು ಜಾಸ್ತಿ ಕುಡೀರಿ, ನೆಗೆಟಿವ್ ಯೋಚನೆ ಬಿಡಿ." ಕಿಡ್ನಿಗೆ ಪೆಟ್ಟು ಬೀಳುತ್ತಿರುವ ಹೆಂಗಸಿಗೆ ನೆಗೆಟಿವ್ ಯೋಚನೆ ಬಿಡಿ ಅಂತೆ!

ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆ ಅಂತ ರಿಪೋರ್ಟ್ ಬಂದ ರಾತ್ರಿ ನಿದ್ದೆ ಬರಲಿಲ್ಲ. ಆ ಪಿಡಿಎಫ್ ತೆಗೆದು ಮೊದಲ ಸಲ ಪೂರ್ತಿ ಓದಿದೆ. ಆ ಪ್ರಯೋಗದ ಹೆಂಗಸರು ತಮ್ಮ ಮಾಮೂಲಿ ಲೂಪಸ್ ಔಷಧಿ ಬಿಟ್ಟಿರಲೇ ಇಲ್ಲ. ಅದರ ಜೊತೆಗೆ ದಿನಕ್ಕೆ 200 ಮಿಲಿಗ್ರಾಂ ಡಿಎಚ್‌ಇಎ ತಗೊಂಡಿದ್ದರು, ವೈದ್ಯರ ಕಣ್ಣೆದುರು, 24 ವಾರ. ನನ್ನ ಬಾಟಲಿಯ ಒಂದು ಮಾತ್ರೆಯಲ್ಲಿ 25 ಮಿಲಿಗ್ರಾಂ. ಅಲ್ಲಿ ಫ್ಲೇರ್ ಕಮ್ಮಿ ಆಗಿದ್ದು ನಿಜ. ಆದರೆ ಕಾಯಿಲೆಯ ತೀವ್ರತೆ ಅಳೆಯುವ ಅಂಕದಲ್ಲಿ, ಸುಮ್ನೆ ಡಮ್ಮಿ ಮಾತ್ರೆ ತಗೊಂಡವರಿಗೂ ಇವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದೆಲ್ಲ ಅದೇ ಪಿಡಿಎಫ್‌ನಲ್ಲಿತ್ತು. ನನ್ನ ಫೋನಿನಲ್ಲೇ ಇತ್ತು.

ಎದ್ದು ಬಾಟಲಿ ನೋಡಿದೆ. ಹಿಂದೆ ಸಣ್ಣ ಅಕ್ಷರದಲ್ಲಿ, ಯಾವ ಕಾಯಿಲೆಯನ್ನೂ ಗುಣಪಡಿಸಲು ಇದು ಅಲ್ಲ ಅಂತ ಅವರೇ ಅಚ್ಚು ಹಾಕಿದ್ದಾರೆ. ಅಮೆರಿಕದಲ್ಲಿ ಇದು ಅಂಗಡಿಯಲ್ಲಿ ಸಿಗುವ ಸಪ್ಲಿಮೆಂಟ್ ಅಷ್ಟೇ. ಲೂಪಸ್ ಔಷಧಿ ಅಂತ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಯೇ ಇಲ್ಲ. ಅಡುಗೆಮನೆಯಲ್ಲಿ ನಿಂತು ಅತ್ತೆ.

ಬೆಳಿಗ್ಗೆ ಆ ಕೋಚ್‌ಗೆ ಕಳಿಸಿದೆ: "ಪ್ರಯೋಗದಲ್ಲಿ ಯಾರೂ ಔಷಧಿ ಬಿಟ್ಟಿಲ್ಲ. ನನಗೆ ಯಾಕೆ ಬಿಡಿಸಿದಿರಿ?" ಉತ್ತರ: "ನಾನು ಬಿಡಿ ಅಂದಿಲ್ಲ ಮೇಡಂ, ಅದು ನಿಮ್ಮ ನಿರ್ಧಾರ." ಮೇಲೆ ನೋಡಿದರೆ ಅವರ ಆ ಹಳೇ ಮೆಸೇಜ್ ಡಿಲೀಟ್ ಆಗಿದೆ. ದುಡ್ಡು ವಾಪಸ್ ಕೇಳಿದೆ. "ಓಪನ್ ಆದ ಬಾಟಲಿಗೆ ರೀಫಂಡ್ ಇಲ್ಲ." ಆಮೇಲೆ ಬ್ಲಾಕ್.

ಈಗ ಸ್ಟೀರಾಯ್ಡ್ ಮೊದಲಿಗಿಂತ ಜಾಸ್ತಿ. ಯಾವುದರಿಂದ ತಪ್ಪಿಸಿಕೊಳ್ಳಲು ಹೋದೆನೋ ಅದೇ ದುಪ್ಪಟ್ಟಾಯಿತು.

ಅದೇ ಮೆಸೇಜ್ ನಿಮಗೂ ಬಂದರೆ ಸ್ಕ್ರೀನ್‌ಶಾಟ್ ತೆಗೆದಿಡಿ, ಡಿಲೀಟ್ ಮಾಡುತ್ತಾರೆ. ಡಿಎಚ್‌ಇಎ ತಗೊಳ್ಳಬೇಕು ಅನಿಸಿದರೆ ನಿಮ್ಮ ವೈದ್ಯರನ್ನೇ ಕೇಳಿ. ಆಗಲೇ ಯಾರದೋ ಮಾತು ಕೇಳಿ ಹೈಡ್ರಾಕ್ಸಿಕ್ಲೋರೋಕ್ವಿನ್ ಬಿಟ್ಟಿದ್ದರೆ ಇವತ್ತೇ ಫೋನ್ ಮಾಡಿ. ಬೈಯುತ್ತಾರೆ ಅಂತ ನಾನು ಹದಿನೈದು ದಿನ ತಡ ಮಾಡಿದೆ. ಹೋದಾಗ ಬೈದರು ಕೂಡ, ಎರಡು ನಿಮಿಷ. ಆಮೇಲೆ ಕಾಲಿನ ಊತ ಒತ್ತಿ ನೋಡಿ, ಅವತ್ತೇ ಅಡ್ಮಿಟ್ ಮಾಡಿಕೊಂಡರು.