5 ಕಾಂಟ್ರಾಕ್ಟ್, ಒಂದೇ ಗಡ್ಡದ ಬಾಮ್: ಹಡಗಿನ ಡೆಕ್‌ನಿಂದ ವಿಮರ್ಶೆ

ಸರಕು ಹಡಗಿನ ಡೆಕ್ ಮೇಲೆ ಕೆಲಸ ಮಾಡುವವನು ನಾನು. ಜೇನುಮೇಣ, ಜೊಜೋಬ ಎಣ್ಣೆ, ಶಿಯಾ ಬೆಣ್ಣೆ ಇವು ಮೂರೇ ಇರುವ, ಸುಗಂಧ ಬೆರೆಸದ ಬಾಮ್ ಒಂದನ್ನು 4 ವರ್ಷದಿಂದ ಗಡ್ಡಕ್ಕೆ ಹಚ್ಚುತ್ತಿದ್ದೇನೆ. 5 ಕಾಂಟ್ರಾಕ್ಟ್ (ಹಡಗೇರಿದಾಗಿನಿಂದ ಇಳಿಯುವವರೆಗಿನ ಕೆಲಸದ ಒಂದೊಂದು ಅವಧಿ) ಮುಗಿದವು, ಡಬ್ಬಿಗಳು ಎಷ್ಟೋ ಖಾಲಿಯಾದವು. ನನ್ನ ಹಾಗೆ ತಿಂಗಳುಗಟ್ಟಲೆ ನೀರಿನ ಮೇಲೆ ಇರುವವರಿಗೆ ಇದು ಆಗಿಬರುತ್ತದೆಯೇ, ಎಲ್ಲಿ ಆಗಿಬರುವುದಿಲ್ಲ ಎಂದು ಹೇಳಲು ಈಗ ಧೈರ್ಯವಿದೆ.

ನಮ್ಮ ಗಡ್ಡದ ಮೊದಲ ಶತ್ರು ಉಪ್ಪು. ಒಂದು ಕಿಲೋ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುತ್ತದೆ. ಎದುರುಗಾಳಿ ಇರುವಾಗ ಹಡಗಿನ ಮುಂತುದಿಯಲ್ಲಿ ಒಂದು ತಾಸು ನಿಂತು ಬಂದರೆ ಸಾಕು, ಮೀಸೆಯ ತುದಿಯಲ್ಲಿ ಬಿಳಿ ಹುಡಿ ಕಾಣುತ್ತದೆ, ನಾಲಿಗೆಗೂ ತಾಗುತ್ತದೆ. ಎಸಿ ಇರುವ ಕ್ಯಾಬಿನ್‌ಗೆ ಬಂದಾಗ ಅದು ಒಣಗಿ ಹರಳಾಗುತ್ತದೆ. ಮತ್ತೆ ಹೊರಗೆ ಹೋದರೆ, ಗಾಳಿಯ ತೇವ ಶೇಕಡಾ 75 ದಾಟಿದ್ದರೆ, ಅದೇ ಹರಳು ನೀರೆಳೆದುಕೊಂಡು ಅಂಟಂಟಾಗುತ್ತದೆ. ದಿನಕ್ಕೆ ನಾಲ್ಕೈದು ಸಲ ಹೀಗೆ ಒಣಗಿ ನೆನೆದು ಒಣಗಿದರೆ ಗಲ್ಲದ ಚರ್ಮ ಉರಿಯದೆ ಏನು ಮಾಡೀತು?

ಮೊದಲ ಕಾಂಟ್ರಾಕ್ಟ್‌ನಲ್ಲಿ ನಾನು ಮಾಡಿದ ತಪ್ಪು ಇಲ್ಲೇ ಇತ್ತು. ವಾಚ್, ಅಂದರೆ ಕಾವಲು ಪಾಳಿ, ಮುಗಿಸಿ ಬಂದವನು ಸುಸ್ತಿನಲ್ಲಿ ಮುಖವನ್ನೂ ತೊಳೆಯದೆ ಬಾಮ್ ತಿಕ್ಕಿಕೊಂಡು ಮಲಗುತ್ತಿದ್ದೆ. ಮೇಣದ ಪದರದ ಕೆಳಗೆ ಉಪ್ಪು ಹಾಗೇ ಕೂತಿರುತ್ತಿತ್ತು. ತಿಕ್ಕಿದಷ್ಟೂ ಮರಳು ಕಾಗದ ಉಜ್ಜಿದ ಹಾಗೆ. ಎರಡು ವಾರದಲ್ಲಿ ಗಲ್ಲದ ಕೆಳಗೆ ಕೆಂಪು ಗುಳ್ಳೆ ಎದ್ದವು, ನಾನು ಬಾಮನ್ನು ಬೈದೆ. ಅದರ ತಪ್ಪೇನೂ ಇರಲಿಲ್ಲ. ಈಗ ಮೊದಲು ಬೆಚ್ಚಗಿನ ಸಿಹಿನೀರಿನಲ್ಲಿ, ಸೋಪಿಲ್ಲದೆ, ಬೆರಳು ಆಡಿಸಿ ಬುಡದವರೆಗೆ ತೊಳೆಯುತ್ತೇನೆ. ಬಾಮ್ ಆಮೇಲಿನ ಮಾತು. ನಿಮ್ಮ ಹತ್ತಿರ ಯಾವ ಬಾಮೂ ಇಲ್ಲದಿದ್ದರೂ ಇಷ್ಟನ್ನು ಮಾತ್ರ ಬಿಡಬೇಡಿ.

ಸೋಪಿನ ಬಗ್ಗೆ ಒಂದು ಮಾತು. ಎಂಜಿನ್ನಿನ ಬಿಸಿಯಿಂದ ಕಡಲ ನೀರನ್ನು ಕಾಯಿಸಿ, ಆ ಹಬೆಯನ್ನು ತಣಿಸಿ ತೆಗೆದ ನೀರು ನಮ್ಮ ನಲ್ಲಿಯಲ್ಲಿ ಬರುವಾಗ ಅದು ತೀರಾ ಮೆದು. ಚೂರು ಸೋಪಿಗೇ ರಾಶಿ ನೊರೆ ಬರುತ್ತದೆ, ಎಷ್ಟು ತೊಳೆದರೂ ಜಾರುತ್ತಲೇ ಇರುತ್ತದೆ. ಕೈಗೆ ಮೆತ್ತಿದ ಎಣ್ಣೆ ಜಿಡ್ಡು ತೆಗೆಯುವ ಕಟುವಾದ ಸೋಪನ್ನು ಮುಖಕ್ಕೆ ಹಾಕುವವರನ್ನು ನೋಡಿದ್ದೇನೆ. ದಯವಿಟ್ಟು ಬೇಡ. ವಾರಕ್ಕೆ ಎರಡು ಸಲ ಸೌಮ್ಯ ಶಾಂಪೂ ಧಾರಾಳವಾಯಿತು.

ಇನ್ನು ಬಾಮ್. ಹೆಬ್ಬೆರಳಿನ ಉಗುರ ಹಿಂಬದಿಯಿಂದ ಕೆರೆದು ಬಟಾಣಿಯಷ್ಟು ತೆಗೆಯುತ್ತೇನೆ. ಅಂಗೈಯಲ್ಲಿ ಮೊದಲು ಹರಳುಹರಳಾಗಿ ಸಿಗುತ್ತದೆ, ಹತ್ತು ಹದಿನೈದು ಸಲ ಉಜ್ಜಿದ ಮೇಲೆ ಮೆತ್ತಗಾಗಿ ಮಿಂಚುತ್ತದೆ. ಆಗ ಗಡ್ಡದ ಒಳಗಿನಿಂದ ಹೊರಗೆ ಹಚ್ಚಬೇಕು. ಇದರಲ್ಲಿ ನನಗೆ ಬಹಳ ಹಿಡಿಸಿದ್ದು ಕೆಡದೆ ಉಳಿಯುವ ಗುಣ. ಮುಂಚೆ ಬಾಟಲಿಯಲ್ಲಿ ಒಯ್ಯುತ್ತಿದ್ದ ಎಣ್ಣೆಗೆ ಮೂರನೇ ತಿಂಗಳಿಗೆ ಕಮಟು ವಾಸನೆ ಬರುತ್ತಿತ್ತು. ಒಮ್ಮೆ ಹಡಗು ಹೊಯ್ದಾಡಿದಾಗ ಆ ಗಾಜಿನ ಬಾಟಲಿ ಡ್ರಾಯರಿನಲ್ಲೇ ಒಡೆದು ಬಟ್ಟೆಯೆಲ್ಲ ಎಣ್ಣೆಯಾಯಿತು. ತೆಂಗಿನೆಣ್ಣೆ ಒಳ್ಳೆಯದೇ, ಆದರೆ 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ, ತುಸು ಬಿಸಿಗೇ ನೀರಾಗಿ ಚೆಲ್ಲುತ್ತದೆ. ಜೇನುಮೇಣ ಕರಗಲು 62 ಡಿಗ್ರಿಯಾದರೂ ಬೇಕು. ಜೊಜೋಬ ಹೆಸರಿಗೆ ಎಣ್ಣೆ, ನಿಜದಲ್ಲಿ ದ್ರವರೂಪದ ಮೇಣ, ಬೇಗ ಹಳಸುವುದಿಲ್ಲ. ಶೀತ ಕಡಲಿಗೂ ಬಿಸಿಲ ಕಡಲಿಗೂ ಒಂದೇ ಡಬ್ಬಿ ಸಾಕಾಗಿದೆ.

ಕೊರತೆಗಳೂ ಇವೆ. ತುಕ್ಕು ಕೆರೆಯುವ ದಿನ ಬೆಳಿಗ್ಗೆ ಹಚ್ಚಿಕೊಂಡರೆ ಕೆಂಪು ಧೂಳೆಲ್ಲ ಗಡ್ಡದಲ್ಲೇ ಮೆತ್ತಿಕೊಳ್ಳುತ್ತದೆ. ಹಾಗಾಗಿ ನನಗೆ ಇದು ರಾತ್ರಿಯ ಸಾಮಾನು. ಮೊದಲಿನ ಡಬ್ಬಿಗಳು ತಗಡಿನವು. ಮುಚ್ಚಳದ ತಿರುಪು ತುಕ್ಕು ಹಿಡಿದು ಕೂತುಬಿಟ್ಟು, ಇಕ್ಕಳ ಹಾಕಿ ತೆಗೆಯಬೇಕಾಗುತ್ತಿತ್ತು. ಅಲ್ಯೂಮಿನಿಯಂ ಡಬ್ಬಿ ಬಂದ ಮೇಲೆ ಆ ಕಾಟ ತಪ್ಪಿತು. ಗಡ್ಡದೊಳಗಿನ ಹೊಟ್ಟಿಗೂ ಇದು ಮದ್ದಲ್ಲ. ನನಗೆ ಅದನ್ನು ವಾಸಿಮಾಡಿದ್ದು ವೈದ್ಯರು ಹೇಳಿದ, ಶಿಲೀಂಧ್ರ ತಡೆಯುವ ಕೀಟೊಕೊನಜೋಲ್ ಶಾಂಪೂ. ಗ್ಯಾಸ್ ವೆಲ್ಡಿಂಗಿನ ಆಕ್ಸಿಜನ್ ಸಿಲಿಂಡರ್ ಹತ್ತಿರ ಹೋಗುವ ಮುನ್ನ ಕೈ, ಗಡ್ಡ ಎರಡನ್ನೂ ಚೆನ್ನಾಗಿ ತೊಳೆದುಕೊಳ್ಳಿ. ಒತ್ತಡದ ಆಕ್ಸಿಜನ್‌ಗೆ ಜಿಡ್ಡು ತಗುಲಿದರೆ ಕಿಡಿಯೇ ಬೇಡ, ತಾನೇ ಹೊತ್ತಿಕೊಳ್ಳಬಹುದು.

ಎರಡನೇ ಕಾಂಟ್ರಾಕ್ಟ್‌ನಲ್ಲಿ ನನ್ನ ಗಡ್ಡ ಎದೆಯ ಮೇಲ್ಭಾಗಕ್ಕೆ ತಾಗುತ್ತಿತ್ತು. ಬಾಮ್ ಹಚ್ಚಿ ಅಷ್ಟು ಚೆನ್ನಾಗಿ ನೋಡಿಕೊಂಡಿದ್ದೆ, ಹೆಮ್ಮೆಯೂ ಇತ್ತು. ಆ ತಿಂಗಳ ಫೈರ್ ಡ್ರಿಲ್‌ನಲ್ಲಿ, ಅಂದರೆ ಬೆಂಕಿ ನಂದಿಸುವ ತಾಲೀಮಿನಲ್ಲಿ, ಉಸಿರಾಟದ ಸೆಟ್ (ಹೊಗೆಯೊಳಗೆ ಹೋಗಲು ಗಾಳಿಯ ಸಿಲಿಂಡರ್ ಮತ್ತು ಮುಖದ ಮಾಸ್ಕ್) ಹಾಕಿಕೊಂಡೆ. ಸಿಲಿಂಡರಿನ ವಾಲ್ವ್ ಮುಚ್ಚಿ ಉಸಿರೆಳೆದರೆ ಮಾಸ್ಕ್ ಮುಖಕ್ಕೆ ಕಚ್ಚಿಕೊಳ್ಳಬೇಕು. ನನ್ನದು ಕಚ್ಚಲಿಲ್ಲ. ದವಡೆಯ ಹತ್ತಿರ ಕೂದಲ ಸಂದಿನಿಂದ ತಣ್ಣನೆ ಗಾಳಿ ಹರಿಯುವುದು ಚರ್ಮಕ್ಕೆ ಗೊತ್ತಾಗುತ್ತಿತ್ತು. ಪಟ್ಟಿ ಬಿಗಿದೆ, ಮತ್ತೆ ಬಿಗಿದೆ, ಆಗಲಿಲ್ಲ. ಹಡಗಿನ ಸೆಟ್‌ನಲ್ಲಿ 1,200 ಲೀಟರ್ ಗಾಳಿ ಇರಬೇಕೆಂಬುದು ನಿಯಮ, ಹೆಚ್ಚೆಂದರೆ ಅರ್ಧ ತಾಸಿನ ಮಾತು. ಅದು ಸೋರಿ ಹೋದರೆ ಹೊಗೆಯೊಳಗೆ ನನ್ನ ಜೊತೆ ಬಂದವನ ಗತಿಯೇನು? ಅಂದು ರಾತ್ರಿಯೇ ಕೆನ್ನೆ, ದವಡೆ, ಗಲ್ಲದ ಅಡಿ ಎಲ್ಲ ಬೋಳಿಸಿದೆ. ಬೇಜಾರಾಗಿತ್ತು, ಸುಳ್ಳು ಹೇಳುವುದಿಲ್ಲ.

ಈಗ ನನಗಿರುವುದು ಮೀಸೆ ಮತ್ತು ತುಟಿಯ ಕೆಳಗೆ ಮಾಸ್ಕಿನ ಅಂಚಿನೊಳಗೆ ಕೂರುವಷ್ಟೇ ಗಿಡ್ಡ ಗಡ್ಡ. ಅಂಚು ಕೂರುವ ಚರ್ಮವನ್ನು ದಿನಾ ಬೋಳಿಸುತ್ತೇನೆ, ಅಲ್ಲಿಗೆ ಬಾಮ್ ತಾಗಿಸುವುದಿಲ್ಲ, ಜಿಡ್ಡಿದ್ದರೆ ಮಾಸ್ಕ್ ಜಾರುತ್ತದೆ. ಬಟಾಣಿಯಷ್ಟು ಬೇಕಿದ್ದದ್ದು ಸಾಸಿವೆಯಷ್ಟಕ್ಕೆ ಇಳಿದಿದೆ. ಮೊದಲು ಒಂದು ಕಾಂಟ್ರಾಕ್ಟ್‌ಗೆ ಮೂರು ಡಬ್ಬಿ ಒಯ್ಯುತ್ತಿದ್ದೆ, ಈಗ ಒಂದರಲ್ಲೇ ಮಿಗುತ್ತದೆ.

5ಕ್ಕೆ 4 ಅಂಕ ಕೊಡುತ್ತೇನೆ. ಒಂದು ಅಂಕ ಹಿಡಿದದ್ದು ಧೂಳು ಮೆತ್ತಿಕೊಳ್ಳುವುದಕ್ಕೆ. ಮುಂದಿನ ಸೈನ್ ಆನ್‌ಗೆ, ಅಂದರೆ ಮತ್ತೆ ಹಡಗೇರಿ ಕೆಲಸಕ್ಕೆ ಸೇರಲು, ಚೀಲ ಕಟ್ಟಿದ್ದಾಗಿದೆ: ಒಂದು ಡಬ್ಬಿ, ಒಂದು ಮರದ ಬಾಚಣಿಗೆ, ಏಳು ತಿಂಗಳಿಗಾಗುವಷ್ಟು ಬ್ಲೇಡು.